ಸತ್ತೋರನ್ನ ದೋಣೀಲಿ ದಾಟಿಸೋ ಆಟ

ಪ್ರಶ್ನೆ: ನಮ್ಮತ್ತೆ ತೀರ್ಕೊಂಡು ಒಂದೂವರೆ ತಿಂಗಳಾಯ್ತು. ನನ್ನ ಮಗನ್ನ ಎತ್ತಾಡಿಸಿ ಬೆಳೆಸಿದ್ದೇ ಅವ್ರು. ಅವನಿಗೀಗ 16. ಒಂದು ಹನಿ ಕಣ್ಣೀರು ಹಾಕ್ಲಿಲ್ಲ, ಕಾಲೇಜಿಂದ ಬಂದವ್ನೇ ‘ಸ್ಪಿರಿಟ್‌ಫೇರರ್’ ಅಂತ ಒಂದು ಗೇಮ್ ಹಾಕ್ಕೊಂಡು ಕೂರ್ತಾನೆ, ಏನೋ ಅದು ಅಂದ್ರೆ ಸತ್ತೋರನ್ನ ದೋಣೀಲಿ ಕರ್ಕೊಂಡು ಹೋಗೋದು ಅಂತಾನೆ. ಸಾವಾಗಿರೋ ಮನೇಲಿ ಇಂಥ ಆಟ ಬೇಕಾ? ಬಿಡಿಸ್ಲಾ?

ಉತ್ತರ: ಬಿಡಿಸ್ಬೇಡಿ. ನಾನೂ ಆಡಿದ್ದೀನಿ ಅದನ್ನ (ನಗಬೇಡಿ, 48 ವರ್ಷ ನನಗೆ).

ಗೇಮಲ್ಲಿ ಸಾವು ಅಂದ್ರೆ ಸಾಮಾನ್ಯವಾಗಿ ಏನು, ಗುಂಡು ಬಿತ್ತು, ಸತ್ತ, ಬಟನ್ ಒತ್ತಿದ್ರೆ ಎದ್ದ. ನಮ್ಮ ಚೌಕಾಬಾರದಲ್ಲೂ ಅಷ್ಟೇ ಅಲ್ವಾ, ಕಾಯಿ ಹೊಡೆದ್ರೆ ಮತ್ತೆ ಮನೆಯಿಂದ ಶುರು. 2020ರಲ್ಲಿ ಕೆನಡಾದ ಮಾಂಟ್ರಿಯಲ್‌ನವ್ರು ಮಾಡಿದ ಈ ಆಟ ಹಾಗಲ್ಲ. ಗ್ರೀಕರ ಕಥೇಲಿ ಸತ್ತೋರನ್ನ ಹೊಳೆ ದಾಟಿಸೋ ಅಂಬಿಗ ಒಬ್ಬ ಇದ್ದಾನಲ್ಲ, ಅವನು ರಿಟೈರ್ ಆಗಿ ಆ ಕೆಲಸ ಸ್ಟೆಲ್ಲಾ ಅನ್ನೋ ಹುಡುಗಿಗೆ ಬರುತ್ತೆ, ನಮ್ಮ ವೈತರಣಿ ಥರ ಅನ್ಕೊಳ್ಳಿ. ಬಂದ ಆತ್ಮಗಳಿಗೆ ದೋಣಿ ಮೇಲೇ ಮನೆ ಕಟ್ಕೊಡ್ಬೇಕು, ಯಾರಿಗೆ ಯಾವ ಅಡುಗೆ ಇಷ್ಟ ಅಂತ ಕಂಡ್ಕೊಂಡು ಮಾಡಿ ಹಾಕ್ಬೇಕು, ತಬ್ಕೋಬೇಕು, ಅವ್ರು ಹೊರಡ್ತೀನಿ ಅಂದಾಗ ಕೊನೇ ಬಾಗಿಲ ತನಕ ಬಿಟ್ಟು ಬರ್ಬೇಕು. ಉಳಿಸ್ಕೊಳ್ಳೋ ಬಟನ್ನೇ ಇಲ್ಲ.

ಅದ್ರಲ್ಲಿ ಆಲಿಸ್ ಅಂತ ಒಬ್ಬ ಅಜ್ಜಿ ಇದ್ದಾಳೆ, ಹೆಡ್ಜ್‌ಹಾಗ್ (ಮೈತುಂಬ ಮುಳ್ಳಿರೋ ಪುಟ್ಟ ಪ್ರಾಣಿ) ರೂಪದಲ್ಲಿ. ಬರ್ತಾ ಬರ್ತಾ ಮರೆವು, ಸ್ಟೆಲ್ಲಾನ್ನೇ ತನ್ನ ಮಗಳು ಅನ್ಕೋತಾಳೆ, ಆಮೇಲೆ ಒಬ್ಳೇ ನಡೆಯೋಕೂ ಆಗಲ್ಲ, ನಾವೇ ಕೈ ಹಿಡ್ಕೊಂಡು ದೋಣಿ ಮುಂದಕ್ಕೆ ಕರ್ಕೊಂಡು ಹೋಗ್ಬೇಕು. ನಿಮ್ಮತ್ತೇನ ಕೊನೇಲಿ ಬಚ್ಚಲಿಗೆ ಕೈ ಹಿಡ್ಕೊಂಡು ಹೋಗ್ತಿದ್ದಿದ್ದು ಯಾರು? ಆ ಹುಡುಗನೇ ಆಗಿದ್ರೆ ಅವನ ಕೈಗೆ ಈಗ ಕೆಲ್ಸ ಇಲ್ಲ ಅಮ್ಮಾ.

ನನಗೆ ತಗುಲಿದ್ದು ಅತುಲ್. ಕಪ್ಪೆ ರೂಪದ ಮಾವ, ಊಟ ಅಂದ್ರೆ ಪ್ರಾಣ. ಎಲ್ಲರನ್ನೂ ಕೂರಿಸ್ಕೊಂಡು ಒಂದು ಭರ್ಜರಿ ಊಟ ಮಾಡ್ತಾನೆ, ಆಮೇಲೆ ನೋಡಿದ್ರೆ ಆಳೇ ಇಲ್ಲ. ಬಾಗಿಲೂ ಇಲ್ಲ, ಬರ್ತೀನಿ ಅನ್ನೋ ಮಾತೂ ಇಲ್ಲ. ನಾನು ಗೇಮ್ ಕೆಟ್ಟೋಯ್ತು ಅನ್ಕೊಂಡು ದೋಣಿಯಿಡೀ ಹುಡುಕಿದೆ. ಅಪ್ಪ ಹೋದಾಗ ನಾನು ಬಸ್ಸಲ್ಲಿದ್ದೆ, ಶಿರಾ ದಾಟಿದ್ಮೇಲೆ ಫೋನ್ ಬಂತು, ತಿಥಿ ಎಲ್ಲಾ ನಾನೇ ನಿಂತು ಮಾಡಿಸ್ದೆ, ಕಣ್ಣು ಒದ್ದೆ ಆಗ್ಲಿಲ್ಲ. ಅದಾಗಿ ಎಷ್ಟೋ ವರ್ಷಕ್ಕೆ ಒಂದು ಕಪ್ಪೆ ಕಾಣಲ್ಲ ಅಂತ ರಾತ್ರಿ ಒಂದು ಗಂಟೇಲಿ ಬಿಕ್ಕಿಬಿಕ್ಕಿ ಅಳ್ತಾ ಕೂತಿದ್ದೆ. ಅವನ ಖಾಲಿ ಮನೆ ದೋಣಿ ಮೇಲೇ ಇರುತ್ತೆ, ಕೆಡವೋಕೆ ಬರಲ್ಲ.

ಅಪಶಕುನ ಅಂತೀರೇನೋ, ಹೋದೋರಿಗೆ ಇಷ್ಟ ಆಗಿದ್ದು ಮಾಡಿ ಎಡೆ ಇಡ್ತೀವಲ್ಲ, ಅದಕ್ಕಿಂತ ಇದು ದೂರ ಏನಿಲ್ಲ. 2007ರಲ್ಲಿ ‘ಪ್ಯಾಸೇಜ್’ ಅಂತ ಇಂಥದ್ದೇ ಇನ್ನೊಂದು ಗೇಮ್ ಬಂದಿತ್ತು, ಐದೇ ನಿಮಿಷದ್ದು, ಎಡದಿಂದ ಬಲಕ್ಕೆ ನಡೀತಾ ಮುದುಕ ಆಗ್ತೀರಿ, ಜೊತೆಗಾತಿ ಹೋಗ್ತಾಳೆ, ಆಮೇಲೆ ನೀವೂ ಗೋರಿಕಲ್ಲು, ಎಷ್ಟು ಪಾಯಿಂಟ್ ಮಾಡಿದ್ರೂ ಅಷ್ಟೇ.

ಊಟ ನಿದ್ದೆ ಬಿಟ್ಟು, ಯಾರ ಹತ್ರನೂ ಮಾತಾಡ್ದೆ ಇದ್ರೆ ಮಾತ್ರ ಕೌನ್ಸೆಲರ್ ಹತ್ರ ಕರ್ಕೊಂಡು ಹೋಗಿ, ಅದಕ್ಕೆ ಗೇಮ್ ಔಷಧಿ ಅಲ್ಲ. ಇಲ್ಲಾಂದ್ರೆ ಇವತ್ತು ಸಂಜೆ ಪಕ್ಕದಲ್ಲಿ ಕೂತ್ಕೊಳ್ಳಿ. ಆ ಆಟ ಇಬ್ರು ಆಡ್ಬೋದು, ಎರಡನೇಯವ್ರಿಗೆ ಸ್ಟೆಲ್ಲಾಳ ಬೆಕ್ಕು ಡ್ಯಾಫಡಿಲ್ ಸಿಗುತ್ತೆ. ಜಿಗಿಯೋದು ಯಾವ ಬಟನ್ ಅಂತ ಅವನನ್ನೇ ಕೇಳಿ.