ಟಾಮಿ ಜಾನ್ ಸರ್ಜರಿಗೆ ಆ ಹೆಸರು ಯಾಕೆ ಬಂತು?

ಅದು ಡಾಕ್ಟರ್ ಹೆಸರಲ್ಲ, ರೋಗಿಯ ಹೆಸರು. ಟಾಮಿ ಜಾನ್ ಅಮೆರಿಕದ ಎಡಗೈ ಬೇಸ್‌ಬಾಲ್ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರ. 1974ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಪರ ಆಡುವಾಗ ಅವರ ಮೊಣಕೈ ಒಳಬದಿಯ ಲಿಗಮೆಂಟ್ (ಮೂಳೆಗಳನ್ನು ಜೋಡಿಸಿ ಹಿಡಿಯುವ ಪಟ್ಟಿ) ಹರಿದುಹೋಯಿತು. ಕ್ರಿಕೆಟ್ ಬೌಲರ್ ಕೈ ನೇರ ಇಟ್ಟು ಚೆಂಡು ಎಸೆಯುತ್ತಾರೆ, ಅಲ್ವಾ? ಪಿಚರ್ ಮೊಣಕೈ ಮಡಚಿ ಬೀಸುತ್ತಾರೆ. ಹಾಗಾಗಿ ಆ ಲಿಗಮೆಂಟ್ ಮೇಲೆ ಒತ್ತಡ ತುಂಬಾ ಜಾಸ್ತಿ. ಆ ಕಾಲದಲ್ಲಿ ಅದು ಹರಿದರೆ ಪಿಚರ್ ಆಟ ಮುಗಿದಂತೆಯೇ.

ಡಾ. ಫ್ರ್ಯಾಂಕ್ ಜೋಬ್ ಹೊಸ ದಾರಿ ಹಿಡಿದರು. ಟಾಮಿಯ ಬಲಗೈಯಿಂದ ಒಂದು ಸ್ನಾಯುರಜ್ಜು ತೆಗೆದರು. ಎಡ ಮೊಣಕೈಯ ಮೂಳೆಗಳಲ್ಲಿ ತೂತು ಕೊರೆದು, ಹರಿದ ಲಿಗಮೆಂಟ್ ಬದಲಿಗೆ ಅದನ್ನು ದಾರದ ಹಾಗೆ ಪೋಣಿಸಿ ಕಟ್ಟಿದರು. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಅಂತ ಅವರೇ ಅಂದಿದ್ದರು.

1975 ಪೂರ್ತಿ ಟಾಮಿ ಆಡಲಿಲ್ಲ. 1976ರಲ್ಲಿ ವಾಪಸ್ ಬಂದರು, ಮರುವರ್ಷವೇ 20 ಪಂದ್ಯ ಗೆದ್ದರು (ಬೇಸ್‌ಬಾಲ್‌ನಲ್ಲಿ ತಂಡದ ಗೆಲುವನ್ನು ಒಬ್ಬ ಪಿಚರ್ ಹೆಸರಿಗೂ ಬರೆಯುತ್ತಾರೆ). ನನಗೆ ಈಗಲೂ ಮೈ ಜುಮ್ಮೆನ್ನಿಸುವ ಲೆಕ್ಕ ಇದು: ಅವರ ಒಟ್ಟು 288 ಗೆಲುವುಗಳಲ್ಲಿ 164 ಬಂದಿದ್ದು ಸರ್ಜರಿಯ ನಂತರ! ನಿವೃತ್ತಿ ಆಗಿದ್ದು 1989ರಲ್ಲಿ, 46ನೇ ವಯಸ್ಸಿಗೆ. ಇವತ್ತು ಪಿಚರ್‌ಗಳಿಗೆ ಇದು ಮಾಮೂಲಿ ಚಿಕಿತ್ಸೆ. ಆದರೆ ಚೇತರಿಸಿಕೊಳ್ಳಲು ಈಗಲೂ ಒಂದು ವರ್ಷಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ.