ಕೋಚ್ ಹೋಗಿಬಿಡುತ್ತಾರೇನೋ ಎಂಬ ಜನವರಿಯ ಚಿಂತೆ: ಸೌತ್ ಬೆಂಡ್‌ಗೆ ಹೊಸದಾಗಿ ಬಂದವರಿಗೆ

ನಮಸ್ಕಾರ. ಕಳೆದ ಆಗಸ್ಟ್‌ನಲ್ಲಿ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ಗೆ ಬಂದು ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿರುವ ನೀವು, ಚಳಿಗಾಲ ಕಾಲಿಟ್ಟಂದಿನಿಂದ ಪ್ರಯೋಗಾಲಯದಲ್ಲಿ ಎಲ್ಲರೂ ಅಲ್ಲಿಯ ಅಮೆರಿಕನ್ ಫುಟ್‌ಬಾಲ್ ಕೋಚ್ ಮಾರ್ಕಸ್ ಫ್ರೀಮನ್ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋಗಿಬಿಡುತ್ತಾರೇನೋ ಎಂದು ಚಿಂತಿಸುತ್ತಿರುವುದನ್ನು ಕಂಡು ಬೆರಗಾಗಿ ಬರೆದಿದ್ದೀರಿ. ‘ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರಲ್ಲ’ ಎಂದು ನೀವು ಅಂದದ್ದಕ್ಕೆ ಊಟದ ಮೇಜಿನಲ್ಲಿ ಯಾರೂ ಉತ್ತರಿಸಲಿಲ್ಲವಂತೆ. ಇದರಲ್ಲಿ ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳುವಂಥದ್ದು ಏನಿದೆ, ಹೊಸಬರಾದ ತಾವು ಇಂಥ ಮಾತಿನ ನಡುವೆ ಹೇಗಿರಬೇಕು ಎಂಬುದು ನಿಮ್ಮ ಪ್ರಶ್ನೆ.

ನಾನು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ನೆಲೆಸಿದ್ದೇನೆ. ನಿಮ್ಮಲ್ಲಿಂದ ಕಾರಿನಲ್ಲಿ ಹೆಚ್ಚುಕಡಿಮೆ ಮೂರು ಗಂಟೆಯ ದಾರಿ. ನಿಮ್ಮ ತಂಡಕ್ಕೂ ನಮ್ಮ ತಂಡಕ್ಕೂ ಬಹಳ ಹಳೆಯ ಜಿದ್ದು ಇರುವುದರಿಂದ, ಈ ಉತ್ತರ ಎಲ್ಲಿಂದ ಬಂತೆಂದು ಸಹೋದ್ಯೋಗಿಗಳಿಗೆ ಹೇಳದಿರುವುದೇ ಕ್ಷೇಮ. ಆದರೆ ಈ ಚಿಂತೆಯನ್ನು ಸಾಲಾಗಿ ಮೂರು ಚಳಿಗಾಲ ಅನುಭವಿಸಿದ ಊರು ನಮ್ಮದು. ಹಾಗಾಗಿ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ನಮ್ಮಲ್ಲಿ ಆರ್‌ಸಿಬಿಯ ಕೋಚ್ ಬದಲಾದರೆ ಬೆಂಗಳೂರಿನಲ್ಲಿ ಯಾರೂ ನಿದ್ದೆಗೆಡುವುದಿಲ್ಲ. ಕೊಹ್ಲಿ ಇದ್ದಾರೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ. ಇಲ್ಲಿಯ ಕಾಲೇಜು ಫುಟ್‌ಬಾಲ್‌ನಲ್ಲಿ ಲೆಕ್ಕ ತಲೆಕೆಳಗು. ಆಟಗಾರನಿಗೆ ಸಾಮಾನ್ಯವಾಗಿ ನಾಲ್ಕು ಋತುಗಳಷ್ಟು ಮಾತ್ರ ಆಡಲು ಅವಕಾಶ; ಹೈಸ್ಕೂಲು ಮುಗಿದು ಮೂರು ವರ್ಷವಾದ ಕೂಡಲೇ ಎನ್‌ಎಫ್‌ಎಲ್‌ನ ಬಾಗಿಲು ತೆರೆಯುವುದರಿಂದ ಉತ್ತಮ ಆಟಗಾರರು ಅಷ್ಟು ದಿನವೂ ನಿಲ್ಲುವುದಿಲ್ಲ. ಆಟಗಾರರು ಬಂದು ಹೋಗುವ ನೆಂಟರಾದರೆ, ಕೋಚ್ ಮನೆಯ ಯಜಮಾನ. ಹದಿನೇಳು ವರ್ಷದ ಹುಡುಗನ ಮನೆಗೆ ಹೋಗಿ, ತಂದೆತಾಯಿಯರ ಎದುರು ಕುಳಿತು, ‘ನಿಮ್ಮ ಮಗನನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಮಾತು ಕೊಟ್ಟು ಕರೆತರುವವರು ಅವರೇ. ಹುಡುಗ ಸಹಿ ಹಾಕುವುದು ವಿಶ್ವವಿದ್ಯಾಲಯದೊಂದಿಗೆ. ನಂಬುವುದು ಮಾತ್ರ ಆ ವ್ಯಕ್ತಿಯನ್ನು. ಮುಖ್ಯ ಕೋಚ್ ಹೊರಟರೆ ಸಹಾಯಕ ಕೋಚ್‌ಗಳಲ್ಲಿ ಹಲವರು ಹಿಂಬಾಲಿಸುತ್ತಾರೆ, ಬರಬೇಕಾದ ಹುಡುಗರು ಮನಸ್ಸು ಬದಲಿಸುತ್ತಾರೆ, ಇರುವವರಿಗೂ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವ ದಾರಿ ತೆರೆದುಕೊಳ್ಳುತ್ತದೆ. ‘ಇನ್ನೊಬ್ಬರು ಬರುತ್ತಾರೆ’ ಎಂಬುದು ನಿಜ. ಆದರೆ ಬರುವವರು ಕೆಲವೊಮ್ಮೆ ಅರ್ಧ ಖಾಲಿಯಾದ ತಂಡವನ್ನು ಕೈಗೆತ್ತಿಕೊಳ್ಳಬೇಕಾಗುತ್ತದೆ.

ಈ ಚಿಂತೆಗೆ ಒಂದು ನಿರ್ದಿಷ್ಟ ಕಾಲವಿರುವುದಕ್ಕೂ ಕಾರಣವಿದೆ. ಎನ್‌ಎಫ್‌ಎಲ್‌ನ ಲೀಗ್ ಪಂದ್ಯಗಳು ಜನವರಿ ಮೊದಲ ವಾರದ ಹೊತ್ತಿಗೆ ಮುಗಿಯುತ್ತವೆ. ಅದರ ಮರುದಿನವನ್ನು ಇಲ್ಲಿಯವರು ‘ಬ್ಲ್ಯಾಕ್ ಮಂಡೇ’ ಎನ್ನುತ್ತಾರೆ, ಏಕೆಂದರೆ ಸೋತ ತಂಡಗಳ ಮಾಲೀಕರು ಕೋಚ್‌ಗಳನ್ನು ಮನೆಗೆ ಕಳಿಸುವುದು ಅಂದೇ. ಇರುವ 32 ತಂಡಗಳಲ್ಲಿ ಹಲವು ಕುರ್ಚಿಗಳು ಒಮ್ಮೆಲೇ ತೆರವಾಗುವ ಆ ಹೊತ್ತಿಗೆ ಸರಿಯಾಗಿ ಕಾಲೇಜು ತಂಡಗಳ ದೊಡ್ಡ ಪಂದ್ಯಗಳು ನಡೆಯುತ್ತಿರುತ್ತವೆ, ಮುಂದಿನ ವರ್ಷದ ಹುಡುಗರನ್ನು ಹಿಡಿದಿಟ್ಟುಕೊಳ್ಳುವ ಕೆಲಸವೂ ಮುಗಿದಿರುವುದಿಲ್ಲ. ಚೆನ್ನಾಗಿ ಗೆದ್ದ ಕೋಚ್‌ನ ಹೆಸರೇ ಆ ಕುರ್ಚಿಗಳ ಜೊತೆ ಕೇಳಿಬರುವುದರಿಂದ, ತಂಡ ಗೆದ್ದಷ್ಟೂ ಅಭಿಮಾನಿಗಳ ಭಯ ಹೆಚ್ಚುತ್ತದೆ.

ಇನ್ನು ನಮ್ಮೂರಿನ ಕಥೆ. ಜಿಮ್ ಹಾರ್ಬಾ ಮಿಷಿಗನ್ ವಿಶ್ವವಿದ್ಯಾಲಯದ ಕೋಚ್ ಆಗಿ ಬಂದದ್ದು 2014ರ ಡಿಸೆಂಬರ್ ಕೊನೆಯಲ್ಲಿ. ಅವರು ಹೊರಗಿನವರಲ್ಲ, ತಂದೆ ಇಲ್ಲಿ ಸಹಾಯಕ ಕೋಚ್ ಆಗಿದ್ದಾಗ ಇದೇ ಊರಿನಲ್ಲಿ ಬಾಲ್ಯವನ್ನು ಕಳೆದವರು, 1980ರ ದಶಕದಲ್ಲಿ ಇದೇ ತಂಡದ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ಮುನ್ನಡೆಸುವ ಆಟಗಾರ) ಆಗಿದ್ದವರು. ಆದರೆ ಇಲ್ಲಿಗೆ ಬರುವ ಮೊದಲು ಅವರು ಎನ್‌ಎಫ್‌ಎಲ್‌ನ ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು ಆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ವರೆಗೆ ಒಯ್ದು, ತಮ್ಮ ಅಣ್ಣ ಜಾನ್ ಕೋಚ್ ಆಗಿದ್ದ ಬಾಲ್ಟಿಮೋರ್ ತಂಡದೆದುರು ಮೂರೇ ಅಂಕಗಳಿಂದ ಸೋತಿದ್ದರು. ಅಷ್ಟು ಹತ್ತಿರ ಹೋಗಿ ಬಂದವರು ಮತ್ತೊಮ್ಮೆ ಅತ್ತ ನೋಡದೆ ಇರಲಾರರು ಎಂದು ಊರಿನ ಹಿರಿಯ ಅಭಿಮಾನಿಗಳು ಮೊದಲ ದಿನದಿಂದಲೂ ಹೇಳುತ್ತಿದ್ದರು. ಮೊದಲ ಕೆಲವು ವರ್ಷಗಳಲ್ಲಿ ನಮ್ಮ ಬದ್ಧ ಎದುರಾಳಿ ಓಹಾಯೊ ಸ್ಟೇಟ್ ವಿರುದ್ಧ ಒಮ್ಮೆಯೂ ಗೆಲ್ಲಲಾಗದೆ, 2020ರಲ್ಲಿ ಎರಡು ಗೆಲುವು ನಾಲ್ಕು ಸೋಲಿಗೆ ಇಳಿದಾಗ, ಅವರು ಹೋದರೆ ಸಾಕು ಎಂದವರೂ ಇದ್ದರು; ವಿಶ್ವವಿದ್ಯಾಲಯ ಸಂಬಳವನ್ನೂ ಕಡಿತಗೊಳಿಸಿ ಹೊಸ ಒಪ್ಪಂದ ಮಾಡಿಕೊಂಡಿತು.

ಮರುವರ್ಷವೇ ಎಲ್ಲ ಬದಲಾಯಿತು. 2021ರ ನವೆಂಬರ್ 27ರಂದು ಹಿಮ ಬೀಳುತ್ತಿದ್ದ ಮಧ್ಯಾಹ್ನ ಓಹಾಯೊ ಸ್ಟೇಟ್ ತಂಡವನ್ನು 42–27ರಿಂದ ಸೋಲಿಸಿದಾಗ, ಒಂದು ಲಕ್ಷಕ್ಕೂ ಮಿಗಿಲಾದ ಜನ ಕೂರುವ ನಮ್ಮ ಕ್ರೀಡಾಂಗಣದಲ್ಲಿ ಪ್ರೇಕ್ಷಕರು ಅಂಗಳಕ್ಕೇ ಇಳಿದಿದ್ದರು. ಅದಾದ ಎರಡೇ ತಿಂಗಳಿಗೆ, 2022ರ ಫೆಬ್ರವರಿ 2ರಂದು, ಅಂದರೆ ಹೊಸ ಹುಡುಗರು ಸಹಿ ಹಾಕುವ ದಿನದಂದೇ, ಹಾರ್ಬಾ ಎನ್‌ಎಫ್‌ಎಲ್‌ನ ಮಿನೆಸೋಟ ವೈಕಿಂಗ್ಸ್ ತಂಡದ ಸಂದರ್ಶನಕ್ಕೆ ಹೋದರು. ಆ ದಿನ ಆನ್ ಆರ್ಬರ್‌ನಲ್ಲಿ ನಡೆದ ಮಾತುಕತೆಗಳಲ್ಲಿ ನಿಮ್ಮ ಪ್ರಯೋಗಾಲಯದಲ್ಲಿ ಈಗ ಕಾಣುವುದಕ್ಕಿಂತ ಹೆಚ್ಚು ನೋವಿತ್ತು. ಕೆಲಸ ಅವರಿಗೆ ಸಿಗಲಿಲ್ಲ. ಹಿಂದಿರುಗಿ ಬಂದು, ಇಂಥದ್ದು ಪ್ರತಿ ವರ್ಷ ನಡೆಯುವುದಿಲ್ಲ ಎಂದು ಕ್ರೀಡಾ ನಿರ್ದೇಶಕರಿಗೆ ಭರವಸೆ ಕೊಟ್ಟರು. ಮರುವರ್ಷದ ಜನವರಿಯಲ್ಲಿ ಡೆನ್ವರ್ ತಂಡದೊಂದಿಗೆ ಮಾತುಕತೆ! ಆ ಸಲ ಅವರು ಉಳಿಯುತ್ತಾರೆಂದು ವಿಶ್ವವಿದ್ಯಾಲಯದ ಅಧ್ಯಕ್ಷ ಸಾಂಟಾ ಓನೊ ಅವರೇ ಸಾರ್ವಜನಿಕವಾಗಿ ತಿಳಿಸಬೇಕಾಯಿತು.

ಮೂರನೆಯ ಚಳಿಗಾಲದಲ್ಲಿ, 2024ರ ಜನವರಿ 8ರಂದು, ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು 34–13ರಿಂದ ಸೋಲಿಸಿ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಆಡಿದ ಹದಿನೈದಕ್ಕೆ ಹದಿನೈದೂ ಗೆಲುವು. ಅದೇ ತಿಂಗಳ 24ರಂದು ಹಾರ್ಬಾ ಲಾಸ್ ಏಂಜಲೀಸ್ ಚಾರ್ಜರ್ಸ್ ತಂಡಕ್ಕೆ ಹೊರಟರು. ರಕ್ಷಣಾ ವಿಭಾಗದ ಮುಖ್ಯಸ್ಥ ಜೆಸ್ಸಿ ಮಿಂಟರ್, ದೈಹಿಕ ತರಬೇತಿಯ ಬೆನ್ ಹರ್ಬರ್ಟ್ ಸೇರಿದಂತೆ ಸಹಾಯಕರಲ್ಲಿ ಹಲವರು ಜೊತೆಗೆ ಹೋದರು. ನಾನು ನಿಮಗೆ ಹೇಳಲೇಬೇಕೆಂದುಕೊಂಡ ಸಂಗತಿ ಇಲ್ಲಿದೆ. ನಿಜವಾಗಿಯೂ ಹೋದಾಗ ಊರಿನಲ್ಲಿ ಅಷ್ಟೇನೂ ಗೋಳಾಟವಿರಲಿಲ್ಲ. ಎರಡು ವರ್ಷ ಮೊದಲು, ಅವರು ಹೋಗದೆ ಹಿಂದಿರುಗಿದಾಗ ಉಳಿದಿದ್ದ ಕಹಿ, ಹೋದಾಗ ಕಾಣಲಿಲ್ಲ. 2022ರಲ್ಲಿ ಕೈಗೆತ್ತಿಕೊಂಡ ಕೆಲಸ ಅರ್ಧದಲ್ಲಿತ್ತು, 2024ರಲ್ಲಿ ಅದು ಮುಗಿದಿತ್ತು. ಅಭಿಮಾನಿಗಳು ಹೆದರುವುದು ಕೋಚ್ ಹೋಗುವುದಕ್ಕಲ್ಲ, ಕೊಟ್ಟ ಮಾತನ್ನು ಪೂರೈಸದೆ ಹೋಗುವುದಕ್ಕೆ ಎಂದು ನನಗೆ ಮನವರಿಕೆಯಾದದ್ದು ಆಗ. (ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆ ಎನ್‌ಸಿಎಎ ಆ ಬಳಿಕ ಹೊರಿಸಿದ ಶಿಕ್ಷೆಗಳು ಬೇರೆ ಮಾತು. ಹಾರ್ಬಾ ಅವರ ಕಾಲದ ನಿಯಮೋಲ್ಲಂಘನೆಗಳಿಗೆ ವಿಶ್ವವಿದ್ಯಾಲಯ ದಂಡ ತೆರುತ್ತಿರುವಾಗ ಅವರು ಕ್ಯಾಲಿಫೋರ್ನಿಯಾದಲ್ಲಿದ್ದಾರೆ ಎಂಬ ಸಿಟ್ಟು ಇಲ್ಲಿ ಕೆಲವರಿಗಿದೆ, ಅದು ಅನ್ಯಾಯದ ಸಿಟ್ಟೇನಲ್ಲ.) ಎರಡೇ ದಿನದಲ್ಲಿ ಸಹಾಯಕರಾಗಿದ್ದ ಷೆರೋನ್ ಮೂರ್ ಅವರನ್ನು ಆ ಸ್ಥಾನಕ್ಕೆ ನೇಮಿಸಿದರು, ಮುಂದಿನ ಋತುವಿನಲ್ಲಿ ಗೆಲುವು ಎಂಟಕ್ಕೆ ಇಳಿಯಿತು.

ನಮ್ಮೂರಿಗೆ ಈ ವಿಷಯದಲ್ಲಿ ಇನ್ನೂ ಹಳೆಯ ನೆನಪುಗಳಿವೆ. 1969ರಲ್ಲಿ ಕೋಚ್ ಆಗಿ ಬಂದ ಬೋ ಷೆಂಬೆಕ್ಲರ್ ‘ಉಳಿದವರೇ ಚಾಂಪಿಯನ್ನರಾಗುತ್ತಾರೆ’ ಎಂಬ ಫಲಕವನ್ನು ಹಾಕಿಸಿ, ತಾವೂ ಇಪ್ಪತ್ತೊಂದು ಋತು ಉಳಿದರು. ನಡುವೆ ಟೆಕ್ಸಾಸ್‌ನಿಂದ ಬಂದ ಭಾರಿ ಮೊತ್ತದ ಆಹ್ವಾನವನ್ನು ನಿರಾಕರಿಸಿದರು. 1989ರಲ್ಲಿ ಅವರು ಕ್ರೀಡಾ ನಿರ್ದೇಶಕರೂ ಆಗಿದ್ದಾಗ, ಬಾಸ್ಕೆಟ್‌ಬಾಲ್ ಕೋಚ್ ಬಿಲ್ ಫ್ರೀಡರ್ ರಾಷ್ಟ್ರೀಯ ಟೂರ್ನಿಯ ಹೊಸ್ತಿಲಲ್ಲಿ ಅರಿಜೋನಾ ಸ್ಟೇಟ್‌ಗೆ ಹೋಗಲು ಒಪ್ಪಿಕೊಂಡರೆಂದು ತಿಳಿದ ತಕ್ಷಣ, ಟೂರ್ನಿ ಮುಗಿಯುವವರೆಗೂ ಕಾಯದೆ ಅವರನ್ನು ತೆಗೆದುಹಾಕಿ ಸಹಾಯಕ ಸ್ಟೀವ್ ಫಿಷರ್ ಕೈಗೆ ತಂಡವನ್ನು ಕೊಟ್ಟರು. ಆ ತಂಡ ಆರಕ್ಕೆ ಆರೂ ಪಂದ್ಯ ಗೆದ್ದು ಚಾಂಪಿಯನ್ ಆಯಿತು. ಇನ್ನೊಬ್ಬ ಬಾಸ್ಕೆಟ್‌ಬಾಲ್ ಕೋಚ್ ಜಾನ್ ಬೈಲೈನ್ 2019ರಲ್ಲಿ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಕ್ಲೀವ್‌ಲ್ಯಾಂಡ್ ತಂಡಕ್ಕೆ ಹೋಗಿ, ಒಂದು ಋತುವೂ ಪೂರ್ತಿಯಾಗುವ ಮೊದಲೇ ಅದನ್ನು ಬಿಟ್ಟರು. ಹೋದವರೆಲ್ಲ ಗೆಲ್ಲುವುದಿಲ್ಲ. ಕಾಲೇಜಿನಿಂದ ಎನ್‌ಎಫ್‌ಎಲ್‌ಗೆ ಹೋದ ಕೋಚ್‌ಗಳಲ್ಲಿ ಪೀಟ್ ಕ್ಯಾರಲ್ ಸಿಯಾಟಲ್‌ನಲ್ಲಿ ಸೂಪರ್ ಬೌಲ್ ಗೆದ್ದರು, ಆದರೆ ಸ್ಟೀವ್ ಸ್ಪರಿಯರ್ ವಾಷಿಂಗ್ಟನ್‌ನಲ್ಲಿ ಎರಡೇ ವರ್ಷ ಬಾಳಿದರು, ಅರ್ಬನ್ ಮೈಯರ್ ಜಾಕ್ಸನ್‌ವಿಲ್‌ನಲ್ಲಿ ಹದಿಮೂರು ಪಂದ್ಯಗಳಿಗೇ ಕೆಲಸ ಕಳೆದುಕೊಂಡರು. ಹದಿನೆಂಟರ ಹುಡುಗರನ್ನು ಪಳಗಿಸುವ ರೀತಿ ಸಂಬಳದ ಆಟಗಾರರ ಬಳಿ ನಡೆಯುವುದಿಲ್ಲ ಎಂಬುದು ಸಾಮಾನ್ಯವಾಗಿ ಕೇಳಿಬರುವ ವಿವರಣೆ. ನಾನೂ ಅದನ್ನು ಒಪ್ಪುತ್ತೇನೆ.

ನಿಮ್ಮ ಊರಿನವರ ಚಿಂತೆಗೆ ಅದರದೇ ಆದ ಗಾಯವಿದೆ. ಹನ್ನೆರಡು ಋತು ಅಲ್ಲಿ ಕೋಚ್ ಆಗಿದ್ದು, ಆ ತಂಡದ ಇತಿಹಾಸದಲ್ಲೇ ಅತಿ ಹೆಚ್ಚು ಗೆಲುವು ಕಂಡ ಬ್ರಯನ್ ಕೆಲಿ, 2021ರ ನವೆಂಬರ್ ಕೊನೆಯಲ್ಲಿ ಲೂಸಿಯಾನಾದ ಎಲ್‌ಎಸ್‌ಯುಗೆ ಹೊರಟುಬಿಟ್ಟರು. ಅದು ವೃತ್ತಿಪರ ತಂಡವೂ ಅಲ್ಲ, ಇನ್ನೊಂದು ಕಾಲೇಜು. ತಂಡಕ್ಕೆ ಪ್ಲೇಆಫ್‌ನ (ಚಾಂಪಿಯನ್ನರನ್ನು ನಿರ್ಧರಿಸುವ ಕೊನೆಯ ಸುತ್ತಿನ) ಅವಕಾಶ ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಆಟಗಾರರು ಸುದ್ದಿಯನ್ನು ತಿಳಿದದ್ದು ಮಾಧ್ಯಮಗಳಿಂದ. ಆ ಅವಮಾನದ ಬೆನ್ನಿಗೆ, 36 ಕೂಡ ತುಂಬದ ಮಾರ್ಕಸ್ ಫ್ರೀಮನ್ ಹೊಣೆ ಹೊತ್ತು, 2025ರ ಜನವರಿಯಲ್ಲಿ ತಂಡವನ್ನು ರಾಷ್ಟ್ರೀಯ ಫೈನಲ್‌ವರೆಗೆ ಒಯ್ದರು. ಅಲ್ಲಿ ಓಹಾಯೊ ಸ್ಟೇಟ್ ಎದುರು 34–23ರಿಂದ ಸೋತರು. ಅದೇ ದಿನಗಳಲ್ಲಿ ಷಿಕಾಗೊ ಬೇರ್ಸ್ ತಂಡದ ಜೊತೆ ಅವರ ಹೆಸರು ತಳಕುಹಾಕಿಕೊಂಡಿತ್ತು, ಅವರು ಉಳಿದರು. ನೋಟರ್ ಡೇಮ್ ಕೊನೆಯದಾಗಿ ಚಾಂಪಿಯನ್ ಆದದ್ದು 1988ರಲ್ಲಿ. ಈಗ ಫ್ರೀಮನ್ ಹೆಸರು ಯಾವ ಎನ್‌ಎಫ್‌ಎಲ್ ತಂಡದೊಂದಿಗೆ ಕೇಳಿಬಂದರೂ ನಿಮ್ಮ ಸಹೋದ್ಯೋಗಿಗಳ ಮನಸ್ಸಿನಲ್ಲಿ ಏಳುವುದು ನಮ್ಮ 2022ರ ಭಯ, 2024ರದ್ದಲ್ಲ.

ಕೋಚ್‌ಗಳನ್ನು ಹಣದಾಸೆಯವರೆಂದು ಬೈಯುವುದು ನನಗೆ ಹಿಡಿಸುವುದಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ಎಂದರೆ ಗವರ್ನರ್ ಅಲ್ಲ, ಯಾವುದಾದರೂ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ಕೋಚ್. ಇಲ್ಲಿಯೇ ಇದ್ದರೂ ಅವರಿಗೆ ಕೊರತೆಯಿಲ್ಲ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದಾದ ಮೇಲೆ, ಕೋಚ್‌ಗಳು ವರ್ಷವಿಡೀ ಹುಡುಗರನ್ನು ಸೆಳೆಯುತ್ತ, ಇರುವವರನ್ನು ಒಲಿಸುತ್ತ ಇರಬೇಕಾಗಿದೆ. ಎನ್‌ಎಫ್‌ಎಲ್‌ನಲ್ಲಿ ಆ ಕಾಟವಿಲ್ಲ. ಅದಲ್ಲದೆ, ಇನ್ನೂ ದೊಡ್ಡ ಕೆಲಸ ಸಿಕ್ಕಿತೆಂದು ತುಮಕೂರನ್ನೋ ಧಾರವಾಡವನ್ನೋ ಬಿಟ್ಟು ಏಳು ಸಮುದ್ರ ದಾಟಿ ಬಂದ ನಾವು, ಆನ್ ಆರ್ಬರ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋದವರ ನಿಷ್ಠೆಯನ್ನು ಯಾವ ಬಾಯಲ್ಲಿ ಪ್ರಶ್ನಿಸುವುದು?

ನೀವು ಹೇಗಿರಬೇಕೆಂಬುದು ಇಷ್ಟರಿಂದಲೇ ತಿಳಿದಿರಬಹುದು. ‘ಇನ್ನೊಬ್ಬರು ಬರುತ್ತಾರೆ’ ಎಂದು ಮತ್ತೆ ಹೇಳಬೇಡಿ. ‘ಇದು ಬರಿಯ ಆಟ’ ಎಂದಂತೂ ಹೇಳಲೇಬೇಡಿ. ಇಲ್ಲದ ಉತ್ಸಾಹವನ್ನು ನಟಿಸುವುದೂ ಬೇಡ, ಅದು ಅವರಿಗೆ ಕೂಡಲೇ ಗೊತ್ತಾಗುತ್ತದೆ. ಬದಲಿಗೆ, ಕೆಲಿ ಹೋದ ರಾತ್ರಿ ನೀವೆಲ್ಲಿದ್ದಿರಿ ಎಂದು ಒಬ್ಬ ಹಿರಿಯ ಸಹೋದ್ಯೋಗಿಯನ್ನು ಕೇಳಿ ನೋಡಿ. ಮುಂದಿನ ಅರ್ಧ ಗಂಟೆ ನೀವು ಮಾತನಾಡಬೇಕಾಗಿಯೇ ಬರುವುದಿಲ್ಲ, ಮತ್ತು ಹಿಂದಿನ ಮಾತನ್ನೂ ಅವರು ಮರೆತಿರುತ್ತಾರೆ. ‘ಹೋಗುವುದಿಲ್ಲ’ ಎಂದು ಕೋಚ್ ಹೇಳಿದ ಸುದ್ದಿ ಬಂದರೆ ಅದನ್ನು ಒಯ್ದು ಸಮಾಧಾನ ಹೇಳಲು ಹೋಗಬೇಡಿ. ನಿಕ್ ಸೇಬನ್ 2006ರ ಡಿಸೆಂಬರ್‌ನಲ್ಲಿ ತಾವು ಅಲಬಾಮಾದ ಕೋಚ್ ಆಗುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿ, ಎರಡು ವಾರದೊಳಗೆ ಮಯಾಮಿಯ ಎನ್‌ಎಫ್‌ಎಲ್ ತಂಡವನ್ನು ಬಿಟ್ಟು ಅಲ್ಲಿಗೇ ಹೋದದ್ದು ಇಲ್ಲಿ ಎಲ್ಲರಿಗೂ ಬಾಯಿಪಾಠ.

ಫೆಬ್ರವರಿ ಮೊದಲ ವಾರ ದಾಟುವ ಹೊತ್ತಿಗೆ ಎನ್‌ಎಫ್‌ಎಲ್‌ನ ಕುರ್ಚಿಗಳು ಬಹುಮಟ್ಟಿಗೆ ತುಂಬಿರುತ್ತವೆ, ಚಿಂತೆಯೂ ತಾನಾಗಿ ಇಳಿಯುತ್ತದೆ. ನಿಮ್ಮಲ್ಲಿ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಬ್ಲೂ-ಗೋಲ್ಡ್ ಎಂಬ ಅಭ್ಯಾಸ ಪಂದ್ಯ ನಡೆಯುತ್ತದೆ, ತಂಡವೇ ಎರಡು ಭಾಗವಾಗಿ ತನ್ನೊಂದಿಗೆ ತಾನೇ ಆಡುವ ಪಂದ್ಯ. ನವೆಂಬರ್‌ನ ಪಂದ್ಯಗಳಷ್ಟು ನೂಕುನುಗ್ಗಲಿರುವುದಿಲ್ಲ, ಪಕ್ಕದಲ್ಲಿ ಕುಳಿತವರಿಗೆ ನಿಯಮಗಳನ್ನು ವಿವರಿಸಲು ಪುರುಸೊತ್ತೂ ಇರುತ್ತದೆ. ಆ ಸಹೋದ್ಯೋಗಿಯನ್ನೇ ಕರೆದುಕೊಂಡು ಹೋಗಿ. ದಪ್ಪ ಕೋಟನ್ನು ಮಾತ್ರ ಮರೆಯಬೇಡಿ, ನಿಮ್ಮ ಕಡೆ ಏಪ್ರಿಲ್‌ನಲ್ಲೂ ಹಿಮ ಬೀಳುವುದುಂಟು.