ಪಿಡಿಎಫ್ ಕೂಡಿಟ್ಟರೆ ಓದಿದಂತಲ್ಲ

ಪ್ರಶ್ನೆ: ಸಾರ್, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳ ಮೇಲೆ ಎಂ.ಕಾಂ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಫೋನ್ ತುಂಬಾ ಪಿಡಿಎಫ್. ಬೇಕಾದಾಗ ಒಂದೂ ಸಿಗಲ್ಲ. ಯಾವ ಆ್ಯಪ್ ಒಳ್ಳೆಯದು?

ಮತ್ತೆ ಆ್ಯಪ್! ಲೈಬ್ರರಿ ಕೌಂಟರಿನಲ್ಲಿ ಇದೇ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಫೋನ್ ತೆರೆದು ನೋಡಿ. 'ಡಾಕ್-20250611-ಡಬ್ಲ್ಯೂಎ0007' ಅಂತ ಒಂದು ಫೈಲ್ ಇದೆ ಅಲ್ವಾ? ಅದು ವಾಟ್ಸ್‌ಆ್ಯಪ್ ಇಟ್ಟ ಹೆಸರು. ತಾರೀಕು ಇದೆ, ವಿಷಯ ಇಲ್ಲ. ಇಳಿಸಿಕೊಂಡ ಕೂಡಲೇ ಹೆಸರು ಬದಲಿಸಿ: ಬರೆದವರು, ವರ್ಷ, ವಿಷಯ.

ಆಮೇಲೆ ಓದಿ. ಓದಿದ ಮೇಲೆ ಪಿಡಿಎಫ್ ಮುಚ್ಚಿ, ನಿಮ್ಮದೇ ಮಾತಲ್ಲಿ ನಾಲ್ಕು ಸಾಲು ಬರೆಯಿರಿ. ಪುಟ ಸಂಖ್ಯೆಯನ್ನು ಮಾತ್ರ ನೋಡಿಕೊಂಡು ಹಾಕಿ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ನೆನಪಿನಿಂದ ಬರೆದವರು ಮುಂದೆ. ಓದುವಾಗ ಎಲ್ಲಾ ಗೊತ್ತಾದಂತೆ ಅನ್ನಿಸುವುದು ಆ ಐದು ನಿಮಿಷದ ಮೋಸ.

ಘಟಕಗಳಿಗೆ ಹೋಗಿ ಮಾತಾಡಿಸಿದ್ದೀರಿ ತಾನೆ? ರೆಕಾರ್ಡಿಂಗ್ ಇದೆ ಅಂತ ಆರಾಮಾಗಿ ಇರಬೇಡಿ. ಅದೇ ಸಂಜೆ ಬರೆದಿಡಿ. ಒಂದು ಪ್ಯಾಂಟಿಗೆ ಕೂಲಿ ಎಷ್ಟು ಅಂದರು? ಹೇಳಿದವರು ಟೈಲರೋ, ಮಾಲೀಕರೋ? ಇಬ್ಬರ ಲೆಕ್ಕ ಒಂದೇ ಇರಬೇಕೆಂದಿಲ್ಲ. ಯಾರು ಹೇಳಿದ್ದು ಅನ್ನುವುದೇ ಇಲ್ಲದಿದ್ದರೆ ಆ ಅಂಕಿ ಇಟ್ಟುಕೊಂಡು ಏನು ಮಾಡ್ತೀರಿ?

ಆ್ಯಪ್ ಬೇಕೇ ಬೇಕು ಅಂದರೆ, ಲೇಖನ-ಆಧಾರಗಳನ್ನು ಜೋಡಿಸಿಡುವ ಜೊಟೆರೊ ಇದೆ, ಉಚಿತ. ಸುಮ್ನೆ ತುಂಬಿದರೆ ಅದೂ ಗೋದಾಮೇ. ನನಗಂತೂ 200 ಪುಟದ ನೋಟ್‌ಬುಕ್ ಮೇಲೇ ನಂಬಿಕೆ ಜಾಸ್ತಿ. ಒಂದು ಕಾಪಿ ಗೂಗಲ್ ಡ್ರೈವ್‌ನಲ್ಲೂ ಇರಲಿ. 15 ಜಿಬಿ ಉಚಿತ, ಆದರೆ ಜಿಮೇಲ್ ಮತ್ತು ಫೋಟೋಗಳೂ ಅದರಲ್ಲೇ ಜಾಗ ತಿನ್ನುತ್ತವೆ.

ಪ್ರಶ್ನೆ: ಜೆರಾಕ್ಸ್ ಅಂಗಡಿಯ ನೋಟ್ಸ್ ಸಾಕಾ?

ಪಾಸಾಗಲು ಸಾಕಾದೀತು. ಅದನ್ನು ಬರೆದವರು ಯಾರು ಅಂತ ಅಂಗಡಿಯವರಿಗೂ ಗೊತ್ತಿರಲ್ಲ.

ಪ್ರಶ್ನೆ: ಎಐ ಕೊಟ್ಟ ಆಧಾರಗಳನ್ನು ಹಾಗೇ ಹಾಕಬಹುದಾ?

ಇಲ್ಲದ ಪುಸ್ತಕಕ್ಕೂ ಅದು ಪುಟ ಸಂಖ್ಯೆ ಕೊಡುತ್ತದೆ. ಮೂಲ ತೆರೆದು ನೋಡದೆ ಹಾಕಬೇಡಿ.

ಪ್ರಶ್ನೆ: ದುಡ್ಡು ಕೊಟ್ಟರೆ ಕೃತಿಚೌರ್ಯದ ಪರ್ಸೆಂಟೇಜ್ ಇಳಿಸಿಕೊಡ್ತಾರಂತೆ. ಕೊಡಲಾ?

ಬೇಡ. ಪದ ಅದಲುಬದಲು ಮಾಡಿ, ಇದ್ದ ಅರ್ಥವನ್ನೂ ಕೆಡಿಸಿ ಕೊಡುತ್ತಾರೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ಶಿಕ್ಷೆ ಇಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಇನ್ನು ವೈವಾದಲ್ಲಿ (ಮೌಖಿಕ ಪರೀಕ್ಷೆ) 'ಈ ವಾಕ್ಯದ ಅರ್ಥ ಹೇಳಿ' ಅಂದಾಗ ಏಜೆಂಟರಿಗೆ ಫೋನ್ ಮಾಡಲು ಬಿಡುವುದಿಲ್ಲ.